ಹಸಿರು ಮೇಜಿನ ಮೇಲಿನ ಮೊದಲ ವಿಶ್ವ ಪಟ್ಟ: ವಿಲ್ಸನ್ ಜೋನ್ಸ್

ನಮ್ಮ ಶಾಲಾ ಕಾಲೇಜುಗಳ ರಸಪ್ರಶ್ನೆ ಸ್ಪರ್ಧೆಗಳಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯಲ್ಲಿ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟವರು ಯಾರು? ಮಿಲ್ಖಾ ಸಿಂಗ್ ಎನ್ನುವವರು ಇರುತ್ತಾರೆ, ನಮ್ಮವರೇ ಆದ ಪ್ರಕಾಶ್ ಪಡುಕೋಣೆ ಎನ್ನುವವರು ಇನ್ನೂ ಹೆಚ್ಚು, ಜಾಣ ವಿದ್ಯಾರ್ಥಿಯೊಬ್ಬ ವಿಶ್ವನಾಥನ್ ಆನಂದ್ ಎಂದರೂ ಆಶ್ಚರ್ಯವಿಲ್ಲ. ಇವರೆಲ್ಲ ದೊಡ್ಡವರೇ. ಆದರೆ ಉತ್ತರ ಇವರಲ್ಲಿ ಯಾರೂ ಅಲ್ಲ. 1958ರಲ್ಲಿ ಕಲ್ಕತ್ತಾ ನಗರದಲ್ಲಿ, ಬಿಲಿಯರ್ಡ್ಸ್ ಆಟದಲ್ಲಿ ಈ ಗೌರವ ತಂದವರು ವಿಲ್ಸನ್ ಜೋನ್ಸ್. ಹೆಸರು ಕೇಳಿ ಇವರು ಇಂಗ್ಲೆಂಡಿನವರಿರಬೇಕು ಎಂದುಕೊಳ್ಳಬೇಡಿ. ಪುಣೆಯಲ್ಲಿ ಹುಟ್ಟಿ, ಪುಣೆಯಲ್ಲೇ ಓದಿ, ಮುಂಬೈಯಲ್ಲಿ ಕಣ್ಣು ಮುಚ್ಚಿದ ಅಪ್ಪಟ ಭಾರತೀಯ ಇವರು.

ಇವರ ಪೂರ್ಣ ಹೆಸರು ವಿಲ್ಸನ್ ಲಯನಲ್ ಗಾರ್ಟನ್ ಜೋನ್ಸ್. ಜನನ 1922ರ ಮೇ 2. ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಸೇರಿದವರು. ಈ ಸಮುದಾಯದ ಬಗ್ಗೆ ನಮ್ಮ ಹಿರಿಯ ಓದುಗರಿಗೆ ಹೇಳಬೇಕಾದ ಅಗತ್ಯವಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ, ಬೆಂಗಳೂರಿನ ದಂಡು ಪ್ರದೇಶದಲ್ಲಿ, ಇವರಿಗೆಂದೇ 1882ರಲ್ಲಿ ನೆಲೆಯಾದ ವೈಟ್‌ಫೀಲ್ಡ್‌ನಲ್ಲಿ ಇವರ ಮನೆಗಳು ಬೇಕಾದಷ್ಟಿದ್ದವು. ರೈಲ್ವೆ, ತಂತಿ ಇಲಾಖೆ, ಶಾಲೆ, ಆಸ್ಪತ್ರೆಗಳಲ್ಲಿ ದುಡಿದ ಚಿಕ್ಕ ಸಮುದಾಯ ಅದು. 1947ರ ನಂತರ ಈ ದೇಶದಲ್ಲಿ ತಮ್ಮ ಮಕ್ಕಳ ಗತಿ ಏನಾಗುವುದೋ ಎಂಬ ಅಳುಕು ಅವರನ್ನು ಹಿಡಿಯಿತು. ಬಹಳ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹಡಗು ಹತ್ತಿದವು. ಉಳಿದವರೂ ಇದ್ದರು. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಹಾಕಿ ಆಡಿದ ಲೆಸ್ಲಿ ಕ್ಲಾಡಿಯಸ್ ಹಾಗೆ ಉಳಿದವರಲ್ಲಿ ಒಬ್ಬರು, ವಿಲ್ಸನ್ ಜೋನ್ಸ್ ಇನ್ನೊಬ್ಬರು. ಹೋಗುವುದೋ ಇರುವುದೋ ಎಂಬ ಮಾತು ಎಷ್ಟು ಮನೆಗಳನ್ನು ಎರಡು ಮಾಡಿತೆಂಬುದು ನಮ್ಮ ಸಮುದಾಯದ ಬುಜುರ್ಗರಿಗೂ ಗೊತ್ತು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಪುಣೆಯ ಬಿಷಪ್ ಹೈಸ್ಕೂಲ್ ಮತ್ತು ಸೇಂಟ್ ವಿನ್ಸೆಂಟ್ಸ್ ಹೈಸ್ಕೂಲ್‌ಗಳಲ್ಲಿ ಜೋನ್ಸ್ ಓದಿದರು. ಪುಣೆ ಆಗ ದೊಡ್ಡ ದಂಡಿನ ಊರು. ದಂಡು ಎಲ್ಲಿತ್ತೋ ಅಲ್ಲಿ ಕ್ಲಬ್ಬು, ಕ್ಲಬ್ಬು ಎಲ್ಲಿತ್ತೋ ಅಲ್ಲಿ ಬಿಲಿಯರ್ಡ್ಸ್ ಮೇಜು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಹಾಸು ಕಲ್ಲಿನ ತಳ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹಸಿರು ಉಣ್ಣೆಯ ಬಟ್ಟೆ, ಅಂಚಿನಲ್ಲಿ ಆರು ಕಿಸೆಗಳು. ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ರಾಜ ಮಹಾರಾಜರಿಗೆ, ದೊಡ್ಡ ಸಾಹೇಬರಿಗೆ ಮಾತ್ರ ಸಾಧ್ಯವಿತ್ತು.

ಇಲ್ಲಿ ಸ್ವಲ್ಪ ನಿಂತು ಆಟದ ಕಥೆ ಹೇಳಬೇಕು, ಇಲ್ಲವಾದರೆ ಜೋನ್ಸ್ ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡನ್ನೂ ಒಂದೇ ಮೇಜಿನ ಮೇಲೆ ಆಡುತ್ತಾರಾದರೂ ಆಟಗಳು ಬೇರೆ ಬೇರೆ. ಬಿಲಿಯರ್ಡ್ಸ್‌ನಲ್ಲಿ ಚೆಂಡುಗಳು ಮೂರೇ. ನಿಮ್ಮ ಚೆಂಡು ಇನ್ನೆರಡು ಚೆಂಡುಗಳನ್ನೂ ತಾಗಿದರೆ ಅದು ಕ್ಯಾನನ್, ಎರಡು ಅಂಕ. ಕೆಂಪು ಚೆಂಡನ್ನು ಕಿಸೆಗೆ ಬೀಳಿಸಿದರೆ ಮೂರು ಅಂಕ. ನಿಮ್ಮ ಚೆಂಡೇ ಕೆಂಪನ್ನು ತಾಗಿ ಕಿಸೆಗೆ ಬಿದ್ದರೂ ಮೂರು. ತಪ್ಪುವವರೆಗೆ ಆಡುತ್ತಲೇ ಇರಬಹುದು, ಹಾಗೆ ಒಂದೇ ಸರದಿಯಲ್ಲಿ ಕೂಡಿಸಿದ ಅಂಕಗಳಿಗೆ ಬ್ರೇಕ್ ಎನ್ನುತ್ತಾರೆ. ದೊಡ್ಡ ಆಟಗಾರ ಆಡತೊಡಗಿದನೆಂದರೆ ಎದುರಾಳಿ ಕುರ್ಚಿಯಲ್ಲಿ ಕುಳಿತು ನೋಡುತ್ತಿರಬೇಕು, ಅಷ್ಟೇ. ಬೇರೆ ಯಾವ ಆಟದಲ್ಲೂ ಸೋಲುವವನಿಗೆ ಇಷ್ಟು ಹೊತ್ತು ಸುಮ್ಮನೆ ಕೂರುವ ಶಿಕ್ಷೆ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಸ್ನೂಕರ್‌ನಲ್ಲಿ ಚೆಂಡುಗಳು ಇಪ್ಪತ್ತೆರಡು. ಹೊಡೆಯುವ ಬಿಳಿ ಚೆಂಡು ಒಂದು, ಕೆಂಪು ಹದಿನೈದು, ಬೇರೆ ಬಣ್ಣದವು ಆರು. ಹಳದಿಗೆ ಎರಡು ಅಂಕದಿಂದ ಕಪ್ಪಿಗೆ ಏಳು ಅಂಕದವರೆಗೆ ಬೆಲೆ. ಒಂದು ಕೆಂಪು, ಒಂದು ಬಣ್ಣ, ಮತ್ತೆ ಒಂದು ಕೆಂಪು, ಮತ್ತೆ ಒಂದು ಬಣ್ಣ, ಹೀಗೆ ಸಾಗುತ್ತದೆ. ಪ್ರತಿ ಕೆಂಪಿನ ನಂತರವೂ ಕಪ್ಪನ್ನೇ ಬೀಳಿಸಿ ಕೊನೆಯಲ್ಲಿ ಎಲ್ಲ ಬಣ್ಣಗಳನ್ನೂ ಮುಗಿಸಿದರೆ 147. ಗಣಿತದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಕೂಡಿಸಿ ನೋಡಿರಿ, ಲೆಕ್ಕ ಸರಿಯಾಗಿ ಬರುತ್ತದೆ.

ಈ ಸ್ನೂಕರ್ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್‌ಪುರದ ಸೈನ್ಯಾಧಿಕಾರಿಗಳ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಹತ್ತೊಂಬತ್ತರ ಯುವ ಅಧಿಕಾರಿ ಹಳೆಯ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ರೂಪಿಸಿದರು. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಇವರಲ್ಲ, ಹೆಸರು ಮಾತ್ರ ಒಂದೇ. ಮಿಲಿಟರಿ ಶಾಲೆಯ ಹೊಸ ಹುಡುಗರನ್ನು ಹಳಬರು ಹಂಗಿಸಿ ಕರೆಯುತ್ತಿದ್ದ ಸ್ನೂಕರ್ ಎಂಬ ಪದವೇ ಆಟದ ಹೆಸರಾಯಿತು. ಅದರ ನಿಯಮಗಳು ಬರಹದಲ್ಲಿ ಗೋಡೆಗೆ ತೂಗಿದ್ದು 1880ರ ದಶಕದಲ್ಲಿ ಊಟಿಯ ಕ್ಲಬ್ಬಿನಲ್ಲಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಶಾಲಾ ಪ್ರವಾಸದಲ್ಲಿ ಊಟಿಗೆ ಹೋಗಿಬಂದ ಎಷ್ಟೋ ಮಕ್ಕಳಿಗೆ ಗುಲಾಬಿ ತೋಟ ಗೊತ್ತು, ಈ ವಿಷಯ ಗೊತ್ತಿಲ್ಲ.

ಆಟ ಹುಟ್ಟಿದ್ದು ಇಲ್ಲೇ ಆದರೂ ಅದು ಇಲ್ಲಿಯವರ ಪಾಲಿಗೆ ಇರಲಿಲ್ಲ. ಕ್ಲಬ್ಬಿನ ಸದಸ್ಯರು ಸಾಹೇಬರು. ಚೆಂಡು ಜೋಡಿಸುವುದು, ಕ್ಯೂ ಕೋಲು ಒರೆಸಿ ಕೊಡುವುದು, ಅಂಕ ಕೂಗಿ ಹೇಳುವುದು ಮಾರ್ಕರ್ ಎನ್ನಿಸಿಕೊಂಡ ನಮ್ಮವರ ಕೆಲಸ. ದಿನವೂ ಮೇಜಿನ ಪಕ್ಕದಲ್ಲೇ ನಿಂತು ನಿಂತು ಆಟದ ಒಳಗುಟ್ಟನ್ನೆಲ್ಲ ಕಲಿತು, ಸಾಹೇಬರಿಗೇ ಹೇಳಿಕೊಡುವಷ್ಟು ನಿಪುಣರಾದ ಮಾರ್ಕರ್‌ಗಳಿದ್ದರು. ಅವರ ಹೆಸರುಗಳು ಯಾವ ಪಟ್ಟಿಯಲ್ಲೂ ಉಳಿಯಲಿಲ್ಲ. ಉರ್ದುವಿನಲ್ಲಿ ಉಸ್ತಾದ್ ಎಂಬ ಪದಕ್ಕೆ ಇರುವ ತೂಕ ನಿಮಗೆ ಗೊತ್ತು. ಆ ಮಾರ್ಕರ್‌ಗಳನ್ನು ಆ ಪದದಿಂದ ಕರೆಯುವುದು ಅತಿಶಯವಾಗಲಾರದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಲೇಖನ ನೋಡಿ, ಶಿಕ್ಷಣ ಸಂಸ್ಥೆಯ ಪತ್ರಿಕೆಯಲ್ಲಿ ಸ್ನೂಕರ್ ಬಿಲಿಯರ್ಡ್ಸ್ ಏಕೆ ಎಂದು ಹುಬ್ಬೇರಿಸುವ ಪೋಷಕರು ಇರುತ್ತಾರೆ. ಪೋಷಕರ ಸಭೆಗಳಲ್ಲಿ ನಾನು ಕೇಳುವ ದೂರುಗಳಲ್ಲಿ ಇದೂ ಒಂದು, ಹುಡುಗ ಸಂಜೆ ಟ್ಯೂಷನ್ ಎಂದು ಹೇಳಿ ಸ್ನೂಕರ್ ಪಾರ್ಲರ್‌ಗೆ ಹೋಗುತ್ತಾನೆಂದು. ಅವರ ಭಯ ಸುಳ್ಳಲ್ಲ. ಹೊಗೆ ತುಂಬಿದ ಕೋಣೆ, ತಾಸಿಗೆ ಇಷ್ಟೆಂದು ಬಾಡಿಗೆ, ಸೋತವನು ಬಾಡಿಗೆ ಕಟ್ಟಬೇಕೆಂಬ ಪಂಥ, ಅಲ್ಲಿಂದ ಮುಂದೆ ದುಡ್ಡಿನ ಬಾಜಿ. ಬಾಜಿ ಜೂಜಾಯಿತು, ಜೂಜು ನಮ್ಮಲ್ಲಿ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟದ್ದು ಬಾಜಿಯೋ ಆಟವೋ ಎಂದು ಬಿಡಿಸಿ ನೋಡುವುದು ಓದಿದವರಾದ ನಮ್ಮ ಕರ್ತವ್ಯ. ಇದೇ ಆಟವನ್ನು ಒಂದು ಪೈಸೆಯ ಪಂಥವಿಲ್ಲದೆ, ಶಿಸ್ತಿನಿಂದ ಆಡಿ ದೇಶಕ್ಕೆ ಹೆಸರು ತಂದವರು ಇದ್ದಾರೆ ಎಂಬುದನ್ನು ಮಕ್ಕಳೂ ಪೋಷಕರೂ ತಿಳಿಯಲೆಂದೇ ಜೋನ್ಸ್ ಅವರನ್ನು ಆರಿಸಿಕೊಂಡೆ.

ಜೋನ್ಸ್ ಮೊದಲು ಗೆದ್ದ ದೊಡ್ಡ ಪ್ರಶಸ್ತಿ ಸ್ನೂಕರ್‌ನದು. 1948ರಲ್ಲಿ ಅವರು ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆದರು. 1950ರಲ್ಲಿ ರಾಷ್ಟ್ರೀಯ ಬಿಲಿಯರ್ಡ್ಸ್ ಪ್ರಶಸ್ತಿಯೂ ಸಿಕ್ಕಿತು. ಅಲ್ಲಿಂದ 1966ರವರೆಗೆ, ಹದಿನೇಳು ವರ್ಷಗಳಲ್ಲಿ ಹನ್ನೆರಡು ಬಾರಿ ಬಿಲಿಯರ್ಡ್ಸ್‌ನಲ್ಲಿ ಅವರೇ ರಾಷ್ಟ್ರೀಯ ಚಾಂಪಿಯನ್. ಸ್ನೂಕರ್‌ನಲ್ಲಿ ಒಟ್ಟು ಐದು ಬಾರಿ. ಒಬ್ಬ ಹುಡುಗ ಹುಟ್ಟಿ ಪಿಯುಸಿ ಮುಗಿಸುವಷ್ಟು ಕಾಲ ದೇಶದ ಮೊದಲ ಸ್ಥಾನದ ಆಸುಪಾಸಿನಲ್ಲೇ ಇರುವುದೆಂದರೆ ಎಂಥ ಮೆಹನತ್ತು ಬೇಕೆಂದು ನೀವೇ ಊಹಿಸಿ.

ದೇಶದಲ್ಲಿ ಗೆಲ್ಲುವುದು ಒಂದು ಮಾತು, ಜಗತ್ತಿನಲ್ಲಿ ಗೆಲ್ಲುವುದು ಬೇರೆಯೇ ಮಾತು. 1926ರಿಂದ ಬ್ರಿಟಿಷ್ ಸಾಮ್ರಾಜ್ಯದ ಚಾಂಪಿಯನ್‌ಶಿಪ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಪಂದ್ಯಾವಳಿ 1951ರಿಂದ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಚಾಂಪಿಯನ್‌ಶಿಪ್ ಆಯಿತು. ಹೆಸರು ಬದಲಾದರೂ ಕಪ್ಪು ಹೋಗುವ ದಾರಿ ಬದಲಾಗಲಿಲ್ಲ. 1951ರಲ್ಲಿ ಲಂಡನ್ನಿನಲ್ಲಿ ಆಸ್ಟ್ರೇಲಿಯಾದ ಬಾಬ್ ಮಾರ್ಷಲ್, 1952ರಲ್ಲಿ ಕಲ್ಕತ್ತಾದಲ್ಲಿ ಇಂಗ್ಲೆಂಡಿನ ಲೆಸ್ಲಿ ಡ್ರಿಫೀಲ್ಡ್, 1954ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಟಾಮ್ ಕ್ಲಿಯರಿ. ನಮ್ಮದೇ ನೆಲದಲ್ಲಿ, ನಮ್ಮ ಜನರ ಮುಂದೆಯೇ 1952ರಲ್ಲಿ ಕಪ್ಪು ಇಂಗ್ಲೆಂಡಿಗೆ ಹೋಯಿತು. ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಜೋನ್ಸ್‌ಗೆ ಆಗ ಮೂವತ್ತು ವರ್ಷ.

ಆರು ವರ್ಷಗಳ ನಂತರ, 1958ರ ಚಳಿಗಾಲದಲ್ಲಿ, ಚಾಂಪಿಯನ್‌ಶಿಪ್ ಮತ್ತೆ ಕಲ್ಕತ್ತಾಕ್ಕೆ ಬಂದಿತು. ಈ ಬಾರಿ ಹೆಸರಾಂತ ಗ್ರೇಟ್ ಈಸ್ಟರ್ನ್ ಹೋಟೆಲಿನಲ್ಲಿ. ಡ್ರಿಫೀಲ್ಡ್ ಕೂಡ ಕಣದಲ್ಲಿದ್ದರು. ಆಗ ಈಗಿನಂತೆ ಒಂದು ಸೋಲಿಗೆ ಹೊರನಡೆಯುವ ಪದ್ಧತಿಯಲ್ಲ, ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಪದ್ಧತಿ. ಅದೃಷ್ಟದಿಂದ ಒಂದು ಪಂದ್ಯ ಗೆದ್ದರೆ ಸಾಲದು. ಒಂದು ದಿನ ಒಬ್ಬ ಬಲಿಷ್ಠನನ್ನು ಸೋಲಿಸಿ ಮಾರನೆಯ ದಿನ ಅದೇ ಮನಸ್ಥಿತಿಯಲ್ಲಿ ಇನ್ನೊಬ್ಬನ ಎದುರು ನಿಲ್ಲಬೇಕು, ಪಂದ್ಯವೋ ತಾಸುಗಟ್ಟಲೆ. ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷವಾಗಿತ್ತು. ಹಾಕಿಯಲ್ಲಿ ನಮ್ಮ ತಂಡಕ್ಕೆ ಚಿನ್ನವಿತ್ತು, 1952ರ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ತಂದಿದ್ದರು, ಅದೇ 1958ರಲ್ಲಿ ಮಿಲ್ಖಾ ಸಿಂಗ್ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಚಿನ್ನ ಗೆದ್ದಿದ್ದರು. ಆದರೆ ಇಡೀ ಜಗತ್ತಿಗೇ ಮೊದಲಿಗ ಎನ್ನಿಸಿಕೊಂಡ ಭಾರತೀಯ ಒಬ್ಬನೂ ಇರಲಿಲ್ಲ. ಮೂವತ್ತಾರು ವಯಸ್ಸಿನ ಜೋನ್ಸ್ ಆ ಪಂದ್ಯಾವಳಿಯನ್ನು ಗೆದ್ದು ವಿಶ್ವ ಚಾಂಪಿಯನ್ ಆದರು. ಸಾಹೇಬರ ಕ್ಲಬ್ಬಿನ ಆಟದಲ್ಲಿ, ಸಾಹೇಬರ ಹಳೆಯ ರಾಜಧಾನಿಯಲ್ಲಿ, ಡ್ರಿಫೀಲ್ಡ್ ಗೆದ್ದುಹೋಗಿದ್ದ ಊರಿನಲ್ಲೇ ಇದು ನಡೆಯಿತು.

ಹವ್ಯಾಸಿ ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಹವ್ಯಾಸಿ ಆಟಗಾರನೆಂದರೆ ಆಟದಿಂದ ಹಣ ಮಾಡುವಂತಿಲ್ಲ. ಗೆದ್ದರೆ ಕಪ್ಪು, ಹಸ್ತಲಾಘವ, ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು. ಹೊಟ್ಟೆಪಾಡಿನ ದಾರಿ ಬೇರೆಯೇ ನೋಡಿಕೊಳ್ಳಬೇಕು. ವಿಶ್ವ ಚಾಂಪಿಯನ್ ಆದವನೂ ಇದಕ್ಕೆ ಹೊರತಲ್ಲ. ಇಂದು ಒಂದು ಋತುವಿನ ಕ್ರಿಕೆಟ್‌ಗೆ ಕೋಟಿಗಳ ಹರಾಜು ನೋಡುವ ಮಕ್ಕಳಿಗೆ ಇದನ್ನು ನಂಬಿಸುವುದು ಕಷ್ಟವಾಗುತ್ತದೆ.

ಸ್ನೂಕರ್‌ಗೆ ವಿಶ್ವ ಹವ್ಯಾಸಿ ಚಾಂಪಿಯನ್‌ಶಿಪ್ ಬಂದದ್ದು ತಡವಾಗಿ, 1963ರಲ್ಲಿ. ಅದೂ ಮೊದಲ ಬಾರಿಗೆ ನಡೆದದ್ದು ಕಲ್ಕತ್ತಾದಲ್ಲೇ. ಎರಡನೆಯದು 1966ರಲ್ಲಿ ಕರಾಚಿಯಲ್ಲಿ. ಆಟ ಹುಟ್ಟಿದ ಉಪಖಂಡಕ್ಕೇ ಮೊದಲ ಎರಡು ಕೂಟಗಳು ದಕ್ಕಿದ್ದು ನ್ಯಾಯವೇ ಆಯಿತು. ಕಲ್ಕತ್ತಾದ ಮೊದಲ ಕೂಟದಲ್ಲಿ ಇದ್ದವರು ಐದೇ ಜನ. ಭಾರತದಿಂದ ವಿಲ್ಸನ್ ಜೋನ್ಸ್ ಮತ್ತು ಟಾಮ್ ಮೊಂಟೆರೊ, ಇಂಗ್ಲೆಂಡಿನ ಗ್ಯಾರಿ ಓವೆನ್, ಆಸ್ಟ್ರೇಲಿಯಾದ ಫ್ರ್ಯಾಂಕ್ ಹ್ಯಾರಿಸ್, ಸಿಲೋನಿನ ಎಂ.ಜೆ.ಎಂ. ಲಾಫಿರ್. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತಿದ್ದ ಓವೆನ್ ನಾಲ್ಕೂ ಪಂದ್ಯ ಗೆದ್ದು ಚಾಂಪಿಯನ್ ಆದರು, ಕರಾಚಿಯಲ್ಲೂ ಅವರೇ ಗೆದ್ದರು. ಜೋನ್ಸ್ ಪಾಲಿಗೆ ಸ್ನೂಕರ್‌ನ ವಿಶ್ವ ಪಟ್ಟ ಬರಲಿಲ್ಲ.

ಈ ಲಾಫಿರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸಿಲೋನಿನ ಮುಸ್ಲಿಂ ಸಮುದಾಯದ ಈ ಆಟಗಾರ ಹತ್ತು ವರ್ಷ ಕಾದು, 1973ರಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಚಾಂಪಿಯನ್‌ಶಿಪ್ ಗೆದ್ದರು. ಶ್ರೀಲಂಕಾ ದೇಶಕ್ಕೆ ಯಾವುದೇ ಕ್ರೀಡೆಯಲ್ಲಿ ಸಿಕ್ಕ ಮೊದಲ ವಿಶ್ವ ಪಟ್ಟ ಅದು. 1996ರಲ್ಲಿ ಕ್ರಿಕೆಟ್ ವಿಶ್ವಕಪ್ ಬರುವುದಕ್ಕೆ ಇಪ್ಪತ್ತಮೂರು ವರ್ಷ ಮೊದಲಿನ ಮಾತು. 1981ರಲ್ಲಿ ಲಾಫಿರ್ ತೀರಿಕೊಂಡರು. ಹೀಗೆ ಎರಡು ನೆರೆಯ ದೇಶಗಳಿಗೆ ಮೊದಲ ವಿಶ್ವ ಪಟ್ಟ ತಂದ ಇಬ್ಬರು, ಒಬ್ಬರು ಆಂಗ್ಲೋ ಇಂಡಿಯನ್, ಒಬ್ಬರು ಮುಸ್ಲಿಂ, ತಮ್ಮ ತಮ್ಮ ದೇಶಗಳಲ್ಲಿ ಎಣಿಕೆಗೆ ಚಿಕ್ಕದಾದ ಸಮುದಾಯಗಳಿಂದ ಬಂದವರು, 1963ರಲ್ಲಿ ಕಲ್ಕತ್ತಾದ ಒಂದೇ ಕೂಟದಲ್ಲಿ ಆಡಿದ್ದರು.

1958ರ ನಂತರ ಜೋನ್ಸ್ ಪಟ್ಟ ಉಳಿಸಿಕೊಳ್ಳಲಾಗಲಿಲ್ಲ. 1960ರಲ್ಲಿ ಎಡಿನ್‌ಬರೋದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಬೀತಮ್ ಗೆದ್ದರು, 1962ರಲ್ಲಿ ಪರ್ತ್‌ನಲ್ಲಿ ಮತ್ತೆ ಬಾಬ್ ಮಾರ್ಷಲ್. ಕಲ್ಕತ್ತಾದಲ್ಲಿ ಗೆದ್ದದ್ದು ಸ್ವಂತ ಊರಿನ ಅನುಕೂಲದಿಂದ ಎಂದು ಆಡಿಕೊಳ್ಳುವವರಿಗೆ ಬಾಯಿ ಸಿಕ್ಕಂತಾಯಿತು. 1964ರಲ್ಲಿ ಚಾಂಪಿಯನ್‌ಶಿಪ್ ನಡೆದದ್ದು ದೂರದ ನ್ಯೂಜಿಲೆಂಡಿನಲ್ಲಿ. ಜೋನ್ಸ್‌ಗೆ ನಲವತ್ತು ದಾಟಿತ್ತು. ಜೊತೆಗೆ ಮುಂಬೈಯ ಮೈಕೆಲ್ ಫೆರೇರಾ ಎಂಬ ಯುವಕ ಮೊದಲ ಬಾರಿ ವಿಶ್ವ ಮಟ್ಟದಲ್ಲಿ ಭಾರತದ ಪರ ಆಡಲು ಹೋಗಿದ್ದರು. ಪರದೇಶದ ಮೇಜು, ಪರದೇಶದ ಹವೆ. ಮೇಜಿನ ಬಟ್ಟೆ ತೇವ ಹೀರಿದರೆ ಚೆಂಡಿನ ಓಟ ನಿಧಾನವಾಗುತ್ತದೆ, ಒಣಗಿದರೆ ಜಾರುತ್ತದೆ, ಊರು ಬದಲಾದಂತೆ ಕೈಯನ್ನು ಹೊಸದಾಗಿ ಪಳಗಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಜೋನ್ಸ್ ಎರಡನೆಯ ಬಾರಿ ವಿಶ್ವ ಚಾಂಪಿಯನ್ ಆದರು. ನನ್ನ ಎಣಿಕೆಯಲ್ಲಿ ಮೊದಲನೆಯ ಗೆಲುವಿಗಿಂತ ಇದೇ ದೊಡ್ಡದು. ಆರು ವರ್ಷ ಕಾದು, ವಯಸ್ಸು ಇಳಿಮುಖವಾದಾಗ, ಯಾರ ಚಪ್ಪಾಳೆಯ ಬಲವೂ ಇಲ್ಲದ ಕಡೆ ಗೆದ್ದದ್ದು.

ಸರ್ಕಾರ ಅವರನ್ನು ಮರೆಯಲಿಲ್ಲ ಎನ್ನಬಹುದು, ಬೇಗ ನೆನೆಯಿತು ಎನ್ನಲಾಗದು. ಅರ್ಜುನ ಪ್ರಶಸ್ತಿ 1963ರಲ್ಲಿ ಬಂದಿತು, ಪದ್ಮಶ್ರೀ 1965ರಲ್ಲಿ. 1966ರಲ್ಲಿ ಕೊನೆಯ ರಾಷ್ಟ್ರೀಯ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ಮೇಲೆ ಅವರು ಕಿರಿಯರಿಗೆ ಕಲಿಸುವ ಕೆಲಸಕ್ಕೆ ಕೈಹಾಕಿದರು. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಅವರಿಗೆ ದೊರೆತದ್ದು 1996ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಶಿಕ್ಷಕನಾದ ನನಗೆ ಮೂರು ಪ್ರಶಸ್ತಿಗಳಲ್ಲಿ ಇದೇ ಹೆಚ್ಚು ಇಷ್ಟವಾಗುತ್ತದೆ. ಆಡಿ ಗೆದ್ದವರೆಲ್ಲ ಕಲಿಸಬಲ್ಲವರಲ್ಲ. ತನಗೆ ಸಹಜವಾಗಿ ಬಂದದ್ದನ್ನು ಬಾರದವನಿಗೆ ಬಿಡಿಸಿ ಹೇಳುವ ತಾಳ್ಮೆ ಬೇರೆ ವಿದ್ಯೆ.

ಜೋನ್ಸ್ ತೆರೆದ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ಬಂದರು. ನ್ಯೂಜಿಲೆಂಡಿಗೆ ಜೊತೆಯಲ್ಲಿ ಹೋಗಿದ್ದ ಫೆರೇರಾ 1977, 1981 ಮತ್ತು 1983ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದರು. 1981ರಲ್ಲಿ ತಮಗೆ ಬಂದ ಪದ್ಮಶ್ರೀಯನ್ನು ಅವರು ಬೇಡವೆಂದರು. ಕ್ರಿಕೆಟಿಗ ಗಾವಸ್ಕರ್‌ಗೆ ಪದ್ಮಭೂಷಣ ಕೊಟ್ಟು ವಿಶ್ವ ಚಾಂಪಿಯನ್‌ಗೆ ಕೆಳಗಿನ ಪ್ರಶಸ್ತಿಯೇ ಎಂಬುದು ಅವರ ತಕರಾರು. 1983ರಲ್ಲಿ ಅವರಿಗೂ ಪದ್ಮಭೂಷಣ ಬಂದಿತು. ಜೋನ್ಸ್ ಎರಡು ಬಾರಿ ವಿಶ್ವ ಪಟ್ಟ ಗೆದ್ದು ಪದ್ಮಶ್ರೀಯಲ್ಲೇ ಉಳಿದರು. 1984ರಲ್ಲಿ ಡಬ್ಲಿನ್‌ನಲ್ಲಿ ಓಂ ಅಗರ್‌ವಾಲ್ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದ ಮೊದಲ ಭಾರತೀಯರಾದರು. 1985ರಲ್ಲಿ ಗೀತ್ ಸೇಠಿ ಬಿಲಿಯರ್ಡ್ಸ್ ಪಟ್ಟಕ್ಕೇರಿದರು. 1987ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು, ವೇಲ್ಸ್‌ನ ಡ್ಯಾರೆನ್ ಮಾರ್ಗನ್ ಗೆದ್ದರು. 1994ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಪಾಕಿಸ್ತಾನದ ಮುಹಮ್ಮದ್ ಯೂಸುಫ್ ಅದೇ ಪಟ್ಟ ಗೆದ್ದರು. ಕ್ರಿಕೆಟ್ ಬ್ಯಾಟ್ಸ್‌ಮನ್ ಯೂಸುಫ್ ಬೇರೆ, ಇವರು ಬೇರೆ.

ವಿಲ್ಸನ್ ಜೋನ್ಸ್ 2003ರ ಅಕ್ಟೋಬರ್ 5ರಂದು ಮುಂಬೈಯಲ್ಲಿ ನಿಧನರಾದರು. ಎಂಬತ್ತೊಂದು ವರ್ಷ ವಯಸ್ಸಾಗಿತ್ತು. ಅದೇ 2003ರಲ್ಲಿ ಚೀನಾದ ಜಿಯಾಂಗ್ಮೆನ್ ನಗರದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಶಿಪ್ ನಡೆಯಿತು. ಫೈನಲ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮುಹಮ್ಮದ್ ಅವರನ್ನು ಸೋಲಿಸಿ ಗೆದ್ದ ಹುಡುಗನಿಗೆ ಹದಿನೆಂಟು ವರ್ಷ. ಬೆಂಗಳೂರಿನಲ್ಲಿ ಅರವಿಂದ್ ಸಾವೂರ್ ಅವರ ಕೈಯಲ್ಲಿ ಪಳಗಿದ ಆ ಪಂಕಜ್ ಅದ್ವಾನಿ ಹುಟ್ಟಿದ್ದು ಪುಣೆಯಲ್ಲಿ.